ವೈರಸ್ ಯಾವ ತೂಬಿನಿಂದ ಬಂತು?

ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಗಾನ್ ಗೆದ್ದರೆ ಕೋಲ್ಕತ್ತದ ಮನೆಗಳಲ್ಲಿ ಸಿಗಡಿ ಬೇಯುತ್ತದೆ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ. ಫುಟ್‌ಬಾಲಿನ ಈ ಲೆಕ್ಕ ಬಂಗಾಳಿಗಳಿಗೆ ಬಾಯಿಪಾಠ. ಆದರೆ ಆ ಕ್ರೀಡಾಂಗಣವೂ ಸುತ್ತಲಿನ ಬಡಾವಣೆಯೂ ನಿಂತಿರುವುದು ಒಂದು ಕಾಲದ ಉಪ್ಪುನೀರಿನ ಸರೋವರದ ಮೇಲೆ ಎಂಬುದನ್ನು ಅಲ್ಲಿನ ಹೊಸ ತಲೆಮಾರು ಅಷ್ಟಾಗಿ ನೆನೆಯುವುದಿಲ್ಲ. ಬಿದ್ಯಾಧರಿ ನದಿಯ ಉಬ್ಬರದ ನೀರು ಬಂದು ನಿಲ್ಲುತ್ತಿದ್ದ ಜಾಗ ಅದು. ಹೂಳು ತುಂಬಿ ನದಿ ಸತ್ತಿತು. ಆಮೇಲೆ 1960ರ ದಶಕದಲ್ಲಿ ಹೂಗ್ಲಿಯ ಮರಳನ್ನು ಕೊಳವೆಗಳಲ್ಲಿ ಹರಿಸಿ ಸರೋವರದ ಉತ್ತರದ ಭಾಗವನ್ನು ತುಂಬಿದರು. ಉಳಿದ ಜೌಗಿನಲ್ಲಿ ನಗರದ ಕೊಳಚೆ ನೀರಿನಿಂದ ಕಾಟ್ಲಾ, ರೋಹು, ತಿಲಾಪಿಯಾ ಸಾಕುತ್ತಾರೆ. 12,500 ಹೆಕ್ಟೇರಿನ ಆ ಪ್ರದೇಶ 2002ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಸಿಗಡಿ ಬೇಕಾದರೆ ಇನ್ನೂ ಪೂರ್ವಕ್ಕೆ, ಮಿನಾಖಾ, ಹಾಡೋವಾ ಕಡೆಗೆ ಹೋಗಬೇಕು. ಅಲ್ಲಿ ಒಡ್ಡು ಕಟ್ಟಿದ ವಿಶಾಲ ಹೊಂಡಗಳಿಗೆ ಭೇಡಿ ಎಂದು ಹೆಸರು. ಉಬ್ಬರದ ಹೊತ್ತಿಗೆ ತೂಬು ತೆರೆದು ನೀರು ಬಿಟ್ಟುಕೊಳ್ಳುತ್ತಾರೆ. ನೀರಿನೊಂದಿಗೆ ಬಾಗ್ದಾ, ಅಂದರೆ ಹುಲಿ ಸಿಗಡಿಯ ಮರಿ ಬರುತ್ತದೆ, ಏಡಿ ಬರುತ್ತದೆ, ವೈರಸ್ಸೂ ಬರುತ್ತದೆ.

ನಮ್ಮ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಮಟಾ, ಅಂಕೋಲಾ ಕಡೆ ಮಳೆಗಾಲದಲ್ಲಿ ಕಗ್ಗ ಭತ್ತ, ಬೇಸಿಗೆಯಲ್ಲಿ ಸಿಗಡಿ ಎಂಬ ಹಳೆಯ ಪದ್ಧತಿಯ ಮೇಲೆ 1990ರ ದಶಕದ ಸಿಗಡಿ ಭರಾಟೆ ಬಂದು ಕುಳಿತಿತು. ಅದರ ಬೆನ್ನಿಗೇ ಬಿಳಿಚುಕ್ಕೆ ರೋಗವೂ ಬಂತು. ತೂಬಿನ ಬಾಗಿಲ ಬಳಿ ನಿಂತ ರೈತನಿಗೆ ವೈರಸ್ ಹೊಂಡಕ್ಕೆ ಬಂದ ದಾರಿ ಕಣ್ಣೆದುರಿಗೇ ಇದೆ. ಹೊಂಡದಿಂದ ಸಿಗಡಿಯ ಮೈಗೆ, ಮೈಯಿಂದ ಒಂದೊಂದು ಜೀವಕೋಶಕ್ಕೆ ಅದು ಯಾವ ತೂಬಿನಿಂದ ಹೋಯಿತು? ಮೂವತ್ತು ವರ್ಷಗಳಿಂದ ವಿಜ್ಞಾನಿಗಳು ಇದನ್ನೇ ಚರ್ಚಿಸುತ್ತಿದ್ದಾರೆ. ಇನ್ನೂ ಮುಗಿದಿಲ್ಲ.

ಒಂದು ರೋಗ, ನಾಲ್ಕು ಹೆಸರು

1992ರ ಸುಮಾರಿಗೆ ತೈವಾನ್ ಮತ್ತು ಚೀನಾದ ಹೊಂಡಗಳಲ್ಲಿ ಸಿಗಡಿಗಳು ಮೇವು ಬಿಟ್ಟು, ದಡಕ್ಕೆ ಬಂದು, ರಾಶಿರಾಶಿಯಾಗಿ ಸಾಯತೊಡಗಿದವು. ತಲೆಚಿಪ್ಪಿನ ಒಳಮೈಯಲ್ಲಿ ಸುಣ್ಣ ಸಿಡಿಸಿದಂತೆ ಬಿಳಿ ಚುಕ್ಕೆ. ರೋಗ ಕಾಣಿಸಿಕೊಂಡ ಮೂರರಿಂದ ಹತ್ತು ದಿನಗಳೊಳಗೆ ಹೊಂಡವೇ ಖಾಲಿ. 1993ರಲ್ಲಿ ಅದು ಜಪಾನಿಗೂ 1994ರಲ್ಲಿ ಥಾಯ್ಲೆಂಡ್, ಭಾರತಗಳಿಗೂ ತಲುಪಿತು. 1999ರಲ್ಲಿ ಈಕ್ವೆಡಾರ್, 2005ರಲ್ಲಿ ಬ್ರೆಜಿಲ್. 2016ರ ಕೊನೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಲೋಗನ್ ನದಿಯ ಸಾಕಣೆ ಕೇಂದ್ರಗಳಲ್ಲೂ ಕಾಣಿಸಿಕೊಂಡಿತು.

ಚೀನಾ, ಜಪಾನ್, ತೈವಾನ್, ಥಾಯ್ಲೆಂಡ್ ಒಂದೊಂದೂ ಈ ವೈರಸ್ಸಿಗೆ ತನ್ನದೇ ಹೆಸರಿಟ್ಟಿತು. ಕೋಲಿನಂಥ ಆಕಾರ ನೋಡಿ ಹೆಚ್ಚಿನವರು ಇದನ್ನು ಕೀಟಗಳನ್ನು ಕಾಡುವ ಬ್ಯಾಕುಲೊವೈರಸ್‌ಗಳ ಬಳಗಕ್ಕೆ ಸೇರಿಸಿದರು. 2001ರಲ್ಲಿ ಪೂರ್ಣ ಜೀನೋಮ್ ಓದಿದಾಗ ಆ ಬಳಗ ಒಡೆಯಿತು. ಸುಮಾರು 3 ಲಕ್ಷ ಅಕ್ಷರಗಳ ವರ್ತುಲಾಕಾರದ ಡಿಎನ್‌ಎ, ಅದರಲ್ಲಿನ ಬಹುಪಾಲು ಜೀನ್‌ಗಳಿಗೆ ಅಂದು ಗೊತ್ತಿದ್ದ ಯಾವ ಜೀವಿಯಲ್ಲೂ ಹೋಲಿಕೆ ಇರಲಿಲ್ಲ. ಬಾಲದಂಥ ಎಳೆಯೊಂದು ಇರುವುದರಿಂದ ನಿಮಾವಿರಿಡೇ ಎಂಬ ಹೊಸ ಕುಟುಂಬವನ್ನೇ ಮಾಡಬೇಕಾಯಿತು. ನಿಮಾ ಎಂದರೆ ದಾರ. ಸಂಶೋಧಕರಿಗೆ ಇದು ದೊಡ್ಡ ತೊಡಕು. ಹತ್ತಿರದ ಬಂಧು ಇಲ್ಲದ ವೈರಸ್ ಕೋಶವನ್ನು ಹೇಗೆ ಹೊಗುತ್ತದೆಂದು ಬಂಧುವನ್ನು ನೋಡಿ ಊಹಿಸುವ ದಾರಿಯೇ ಮುಚ್ಚಿತು.

ಜೀನೋಮ್ ಓದುವ ಮುಂಚೆಯೇ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಅವರ ತಂಡ ಪಶ್ಚಿಮ ಕರಾವಳಿಯ ಸತ್ತ ಸಿಗಡಿಗಳ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 1997ರಲ್ಲಿ ವಿವರ ಪ್ರಕಟಿಸಿತು. ಪಿಸಿಆರ್ ಪರೀಕ್ಷೆಯಿಂದ ಮರಿ, ತಾಯಿಸಿಗಡಿ, ಏಡಿಗಳಲ್ಲಿ ವೈರಸ್ ಹುಡುಕುವ ಕೆಲಸವನ್ನೂ ಕೈಗೆತ್ತಿಕೊಂಡಿತು. ಜಗತ್ತಿನ ಬೇರೆಡೆಯ ಅಂಗಾಂಶ ಅಧ್ಯಯನಗಳಿಂದಲೂ ಒಂದು ವಿಚಿತ್ರ ಹೊರಬಿತ್ತು. ಚಿಪ್ಪಿನಡಿಯ ಚರ್ಮ, ಕಿವಿರು, ಜಠರದ ಒಳಪದರ, ರಕ್ತ ಹುಟ್ಟುವ ಅಂಗಾಂಶ ಎಲ್ಲವೂ ವೈರಸ್ಸಿಗೆ ಬಲಿ. ಆದರೆ ಜೀರ್ಣಗ್ರಂಥಿಯ ನಾಳಗಳ ಕೋಶಗಳಿಗೂ ನಡುಗರುಳಿನ ಒಳಪದರಕ್ಕೂ ಅದು ಕೈ ಹಚ್ಚುವುದಿಲ್ಲ. ಊಟದ ಜೊತೆ ಬರುವ ವೈರಸ್ ಊಟ ಅರಗುವ ಜಾಗವನ್ನೇ ಮುಟ್ಟದೆ ಮೈಯೆಲ್ಲ ಹರಡುವುದು ಹೇಗೆ?

ಇಪ್ಪತ್ತೆಂಟರ ಕೀಲಿ, ಮೊಲದ ರಕ್ತ

ಮೊದಲ ಪಂಥದವರದು ಕೀಲಿ–ಬೀಗದ ವಾದ. ವೈರಸ್ಸಿನ ಹೊರ ಹೊದಿಕೆಯಲ್ಲಿ ವಿಪಿ28 ಎಂಬ ಪ್ರೋಟೀನ್ ಹೇರಳವಾಗಿದೆ. 28 ಎಂಬುದು ಅದರ ತೂಕದ ಅಂಕಿ, ಕಿಲೋಡಾಲ್ಟನ್ನಿನಲ್ಲಿ. ನೆದರ್ಲೆಂಡ್ಸಿನ ವಾಹೆನಿಂಗನ್ ವಿಶ್ವವಿದ್ಯಾಲಯದ ವಾನ್ ಹುಲ್ಟನ್ ಮತ್ತು ಸಂಗಡಿಗರು 2001ರಲ್ಲಿ ಈ ಪ್ರೋಟೀನನ್ನು ಮೊಲಕ್ಕೆ ಚುಚ್ಚಿ ಪ್ರತಿಕಾಯ ಬೆಳೆಸಿ, ಆ ಮೊಲದ ಸೀರಮ್ಮನ್ನು ವೈರಸ್ಸಿಗೆ ಬೆರೆಸಿ ಸಿಗಡಿಗೆ ಕೊಟ್ಟರು. ಸಿಗಡಿ ಬದುಕಿತು. ಅಂದರೆ ವಿಪಿ28ಕ್ಕೆ ಅಡ್ಡ ನಿಂತರೆ ಸೋಂಕಿಗೆ ಅಡ್ಡ ನಿಂತಂತೆ. 2004ರಲ್ಲಿ ಇನ್ನೊಂದು ತಂಡ ಈ ಪ್ರೋಟೀನ್ ಸಿಗಡಿಯ ಕೋಶಗಳಿಗೆ ಅಂಟುತ್ತದೆ, ಒಳಹೋಗಲು ನೆರವಾಗುತ್ತದೆ ಎಂದಿತು. 2007ರಲ್ಲಿ ಸಿಂಗಪುರದ ತಂಡ ಅದರ ಹರಳು ರಚನೆಯನ್ನು ಬಿಡಿಸಿಟ್ಟಿತು. ಮೂರು ಮೂರು ಅಣುಗಳು ಗುಂಪುಕಟ್ಟಿ ಹೊದಿಕೆಯಿಂದ ಚಾಚಿಕೊಂಡಿರುತ್ತವೆ. ನೋಡಲು ಕೀಲಿಯ ಹಾಗೆಯೇ.

ನಡುವೆ 2006ರಲ್ಲಿ ರೊಬಲೀನೊ ಮತ್ತು ಸಂಗಡಿಗರ ಪ್ರಬಂಧ ಬಂತು. ಅವರು ಕೇಳಿದ ಪ್ರಶ್ನೆ ಇಷ್ಟೇ: ವಿಪಿ28 ಚುಚ್ಚಿರದ ಮೊಲದ ಸೀರಮ್ ಬೆರೆಸಿದರೆ ಏನಾಗುತ್ತದೆ? ಆಗಲೂ ವೈರಸ್ ನಿಷ್ಕ್ರಿಯವಾಯಿತು! ಇನ್ನು ಪ್ರತಿಕಾಯವನ್ನು ಮಾತ್ರ ಶುದ್ಧಮಾಡಿ ತೆಗೆದು ಬೆರೆಸಿದರೆ ಆ ರಕ್ಷಣೆ ಇರಲಿಲ್ಲ. ಅಂದರೆ ಸಿಗಡಿಯನ್ನು ಉಳಿಸಿದ್ದು ವಿಪಿ28ರ ವಿರುದ್ಧದ ಪ್ರತಿಕಾಯವಲ್ಲ, ಯಾವುದೇ ಮೊಲದ ರಕ್ತದಲ್ಲಿರುವ ಬೇರೇನೋ. ಮೊದಲ ಪ್ರಬಂಧದಲ್ಲಿದ್ದ ಯಸ್ಟ್ ವ್ಲಾಕ್ ಈ ಪ್ರಬಂಧಕ್ಕೂ ಸಹಲೇಖಕರು. ತಾವು ಕಟ್ಟಿದ ಮನೆಯ ಗೋಡೆಯನ್ನು ತಾವೇ ತಟ್ಟಿ ನೋಡಿ ಟೊಳ್ಳು ಎಂದು ಹೇಳುವವರು ಅಪರೂಪ. ಇಡೀ ಚರ್ಚೆಯಲ್ಲಿ ನನಗೆ ಬಹಳ ಹಿಡಿಸಿದ ಘಟನೆ ಇದು. ಅಚ್ಚರಿಯೆಂದರೆ ಆಮೇಲೂ ಎಷ್ಟೋ ಪ್ರಬಂಧಗಳು 2001ರದ್ದನ್ನು ಉಲ್ಲೇಖಿಸಿ, 2006ರದ್ದನ್ನು ಮರೆತು ಮುಂದೆ ಹೋಗಿವೆ.

ಹಾಗೆಂದು ವಿಪಿ28 ಕೆಲಸಕ್ಕೆ ಬಾರದ್ದೆಂದಲ್ಲ. ಮೇವಿನಲ್ಲಿ ಬೆರೆಸಿ ತಿನ್ನಿಸಿದಾಗ ಸಾವು ಕಡಿಮೆಯಾದ ಪ್ರಯೋಗಗಳಿವೆ. ಆದರೆ ಅದೊಂದೇ ಕೀಲಿ ಎಂಬ ವಾದ ಸಡಿಲವಾಗಿದೆ. 2010ರಲ್ಲಿ ತೈವಾನಿನ ತಂಡವೊಂದು, ಹೊದಿಕೆಯ ಹಲವು ಪ್ರೋಟೀನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಸಂಕೀರ್ಣವಾಗಿ ಕೆಲಸ ಮಾಡುತ್ತವೆ ಎಂದು ವಾದಿಸಿ ಅದಕ್ಕೆ ಇನ್ಫೆಕ್ಟೋಮ್ ಎಂದು ಹೆಸರಿಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಬ್ಯಾಕುಲೊವೈರಸ್‌ಗಳು ಕೀಟದ ಬಾಯಿಯ ಮೂಲಕ ಸೋಂಕಲು ಬಳಸುವ ಪ್ರೋಟೀನ್ ಗುಂಪಿಗೆ ಹೋಲುವಂಥದ್ದೂ ಈ ವೈರಸ್ಸಿನಲ್ಲಿ ಸಿಕ್ಕಿದೆ. ಬಳಗದಿಂದ ಹೊರಹಾಕಿದ ವೈರಸ್ಸಿಗೆ ದೂರದ ನಂಟು ಮತ್ತೆ ಕಾಣಿಸಿಕೊಂಡಿತು.

ಗ್ರಾಹಿಗಳ ಸಂತೆ

ಕೀಲಿಯಿದ್ದರೆ ಬೀಗವೂ ಇರಬೇಕು. ಕೋಶದ ಮೇಲೆ ವೈರಸ್ಸನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ ಗ್ರಾಹಿ ಅಥವಾ ರಿಸೆಪ್ಟರ್ ಎನ್ನುತ್ತಾರೆ. ಕೋವಿಡ್ ವೈರಸ್ಸಿಗೆ ಎಸಿಇ2 ಇದ್ದ ಹಾಗೆ ಬಿಳಿಚುಕ್ಕೆ ವೈರಸ್ಸಿಗೂ ಒಂದು ಗ್ರಾಹಿ ಸಿಗುತ್ತದೆಂದು ಹುಡುಕಹೊರಟವರ ಕೈಗೆ ಸಿಕ್ಕಿದ್ದು ಒಂದಲ್ಲ, ಒಂದು ಸಂತೆ.

2006ರಲ್ಲಿ ಥಾಯ್ಲೆಂಡಿನ ತಂಡ ವಿಪಿ28ಕ್ಕೆ ಅಂಟುವ ರ‍್ಯಾಬ್7 ಎಂಬ ಪ್ರೋಟೀನನ್ನು ಬಾಗ್ದಾ ಸಿಗಡಿಯಲ್ಲಿ ಗುರುತಿಸಿತು. ಚೀನಾದ ತಂಡವೊಂದು 2007ರಲ್ಲಿ ಕೋಶಗಳನ್ನು ಸುತ್ತಲಿನ ಹಂದರಕ್ಕೆ ಬೆಸೆದಿಡುವ ಇಂಟೆಗ್ರಿನ್ ಎಂದಿತು. 2009ರಲ್ಲಿ ತೈವಾನಿನಿಂದ ಕೈಟಿನ್ ಹಿಡಿಯುವ ಪ್ರೋಟೀನ್, ಮರುವರ್ಷ ಎಟಿಪಿ ಸಿಂಥೇಸಿನ ಒಂದು ತುಣುಕು, 2012ರಲ್ಲಿ ಸಕ್ಕರೆ ಸಾಗಿಸುವ ಗ್ಲುಟ್1. 2019ರಲ್ಲಿ ಚೀನಾದ ಇನ್ನೊಂದು ತಂಡ ಜಪಾನಿನ ಕುರುಮಾ ಸಿಗಡಿಯಲ್ಲಿ ಪಿಐಜಿಆರ್ ಎಂಬ ಪ್ರೋಟೀನನ್ನು ಹೆಸರಿಸಿತು. ಇದು ಹಿಡಿಯುವುದು ವಿಪಿ28ನ್ನಲ್ಲ, ಹೊದಿಕೆಯ ಇನ್ನೊಂದು ಪ್ರೋಟೀನ್ ವಿಪಿ24ನ್ನು.

ಈ ಪಟ್ಟಿಯನ್ನು ಓದುವಾಗ ಒಂದು ಮಾತು ನೆನಪಿರಲಿ: ಅಂಟಿತು ಎಂದರೆ ಒಳಹೋಯಿತು ಎಂದಲ್ಲ. ಪ್ರಯೋಗನಾಳದಲ್ಲಿ ಜಿಗುಟಾದ ಎರಡು ಪ್ರೋಟೀನ್‌ಗಳು ಅಂಟಿಕೊಳ್ಳುವುದು ಸುಲಭ. ರ‍್ಯಾಬ್7ನ್ನೇ ನೋಡಿ. ಅದರ ಮಾಮೂಲಿ ಕೆಲಸ ಕೋಶದ ಒಳಗೆ, ಚೀಲಗಳನ್ನು ಸಾಗಿಸುವುದು. ಒಳಮನೆಯಲ್ಲಿ ದುಡಿಯುವವನು ಹೊರಬಾಗಿಲ ಬೀಗವಾಗುವುದು ಹೇಗೆ? ರ‍್ಯಾಬ್7 ತಯಾರಾಗದಂತೆ ತಡೆದಾಗ ಬಿಳಿಚುಕ್ಕೆ ವೈರಸ್ಸಿನ ಜೊತೆ, ಸಿಗಡಿಗಳನ್ನೇ ಕಾಡುವ ಹಳದಿತಲೆ ವೈರಸ್ಸೂ ತಗ್ಗಿತು. ಎರಡೂ ಒಂದಕ್ಕೊಂದು ಸಂಬಂಧವೇ ಇಲ್ಲದ ವೈರಸ್‌ಗಳು. ಇದು ಬಾಗಿಲ ಕಥೆಗಿಂತ ಒಳಗಿನ ಸಾಗಣೆಯ ಕಥೆ ಎಂದು ನನ್ನ ಎಣಿಕೆ. ಎಟಿಪಿ ಸಿಂಥೇಸ್ ಕೂಡ ಮುಖ್ಯವಾಗಿ ಮೈಟೊಕಾಂಡ್ರಿಯದ ವಾಸಿ. ಕೆಲವೊಮ್ಮೆ ಕೋಶದ ಮೇಲ್ಮೈಯಲ್ಲೂ ಕಾಣಸಿಗುತ್ತದೆ ನಿಜ, ಆದರೆ ಅಷ್ಟರಿಂದಲೇ ಅದಕ್ಕೆ ದ್ವಾರಪಾಲಕನ ಪದವಿ ಕೊಡಲಾಗದು.

ಈ ಗುಂಪಿನಲ್ಲಿ ಪಿಐಜಿಆರ್ ವಾದ ಗಟ್ಟಿ. ಅಂಟುವುದನ್ನು ತೋರಿಸಿ ಅಲ್ಲಿಗೇ ನಿಲ್ಲದೆ, ಅಂಟಿದ ಮೇಲೆ ಕೋಶದೊಳಗೆ ಯಾವ ಪ್ರೋಟೀನನ್ನು ಕರೆಯುತ್ತದೆ, ಯಾವ ದಾರಿಯಲ್ಲಿ ಒಳಗೆಳೆಯುತ್ತದೆ ಎಂಬುದರವರೆಗೆ ಅವರು ಸರಪಳಿ ಜೋಡಿಸಿದ್ದಾರೆ. ಆದರೆ ಅದು ಕುರುಮಾ ಸಿಗಡಿಯ ಕಥೆ. ಈ ವೈರಸ್ ಸಿಗಡಿ, ಏಡಿ, ಕ್ರೇಫಿಶ್ ಎಂದು ಹತ್ತಾರು ಜಾತಿಗಳನ್ನು ಹಿಡಿಯುತ್ತದೆ. ಇಷ್ಟು ಮನೆಗಳಿಗೆ ನುಗ್ಗುವ ಕಳ್ಳ ಒಂದೇ ಬೀಗವನ್ನು ನಂಬಿ ಹೊರಟಿರುತ್ತಾನೆಯೇ?

ಕೋಶವೇ ಕರೆದುಕೊಳ್ಳುತ್ತದೆ

ಎರಡನೆಯ ಪಂಥದವರಿಗೆ ಬೀಗಕ್ಕಿಂತ ದಾರಿ ಮುಖ್ಯ. ಕೋಶ ತನ್ನ ಪೊರೆಯನ್ನು ಒಳಕ್ಕೆ ಮಡಚಿ ಹೊರಗಿನ ವಸ್ತುವನ್ನು ಚೀಲದಲ್ಲಿ ನುಂಗುತ್ತದೆ, ಇದಕ್ಕೆ ಎಂಡೊಸೈಟೋಸಿಸ್ ಎನ್ನುತ್ತಾರೆ. ವೈರಸ್ ಈ ಚೀಲವನ್ನೇ ಸವಾರಿಯಾಗಿ ಬಳಸುತ್ತದೆ ಎಂಬುದರಲ್ಲಿ ಈಗ ಹೆಚ್ಚು ತಕರಾರಿಲ್ಲ. ತಕರಾರಿರುವುದು ಯಾವ ಚೀಲ ಎಂಬುದರಲ್ಲಿ. 2013ರಲ್ಲಿ ತೈವಾನಿನ ತಂಡ ಕೊಲೆಸ್ಟರಾಲ್ ಹೆಚ್ಚಿರುವ ಕೇವಿಯೊಲಾ ಎಂಬ ಗುಳಿಗಳತ್ತ ಬೆರಳು ತೋರಿತು. 2015ರಲ್ಲಿ ಚೀನಾದ ತಂಡ ಕ್ರೇಫಿಶ್ಶಿನ ರಕ್ತೋತ್ಪಾದಕ ಕೋಶಗಳಲ್ಲಿ ನೋಡಿ, ಅಲ್ಲ, ಕ್ಲಾಥ್ರಿನ್ ಎಂಬ ಪ್ರೋಟೀನ್ ಹೆಣೆಯುವ ಬುಟ್ಟಿಗಳು ಎಂದಿತು.

ಇಂಥ ಪ್ರಯೋಗಗಳಲ್ಲಿ ಒಂದೊಂದು ದಾರಿಯನ್ನು ಮುಚ್ಚುವ ರಾಸಾಯನಿಕ ಹಾಕಿ ವೈರಸ್ ನಿಂತಿತೇ ನೋಡುತ್ತಾರೆ. ಕ್ಲಾಥ್ರಿನ್ ದಾರಿ ಮುಚ್ಚಲು ಬಳಸುವ ಕ್ಲೋರ್‌ಪ್ರೊಮಝೀನ್ ಮೂಲತಃ ಮನೋರೋಗದ ಔಷಧಿ. ಅದು ಕೋಶದಲ್ಲಿ ಬೇರೆ ನೂರು ಕೆಲಸವನ್ನೂ ಕೆಡಿಸುತ್ತದೆ. ಊರಿನ ಎಲ್ಲ ರಸ್ತೆಗೂ ಕಲ್ಲು ಸುರಿದು, ಬಸ್ಸು ಬರಲಿಲ್ಲವಾದ್ದರಿಂದ ಅದು ಈ ರಸ್ತೆಯಲ್ಲೇ ಬರುತ್ತಿತ್ತು ಎಂದ ಹಾಗೆ.

ಇನ್ನೊಂದು ಸಂಗತಿ ಇದೆ. ಇದೇ ನುಂಗುವಿಕೆ ಸಿಗಡಿಯ ರಕ್ಷಣೆಯೂ ಹೌದು. ಕುರುಮಾ ಸಿಗಡಿಯ ಒಂದು ಸ್ಕ್ಯಾವೆಂಜರ್ ಗ್ರಾಹಿ ವೈರಸ್ಸನ್ನು ಹಿಡಿದು ಒಳಗೆಳೆದು ಅರಗಿಸಿ ಮುಗಿಸುತ್ತದೆಂದು 2016ರಲ್ಲಿ ಗೊತ್ತಾಯಿತು. ವಿಪಿ28ಕ್ಕೆ ಅಂಟುವ ಕೆಲವು ಲೆಕ್ಟಿನ್ ಪ್ರೋಟೀನ್‌ಗಳೂ ಸಿಗಡಿಯ ಪರವಾಗಿಯೇ ನಿಲ್ಲುತ್ತವೆ. ಆದ್ದರಿಂದ ವೈರಸ್ ಕೋಶದೊಳಗೆ ಕಂಡಿತು ಎಂದ ಮಾತ್ರಕ್ಕೆ ಅದು ಗೆದ್ದು ಹೋಗಿದೆಯೋ ಸೆರೆಯಾಗಿ ಹೋಗಿದೆಯೋ ಹೇಳಲಾಗದು. ಚೀಲದಿಂದ ಪಾರಾಗಿ, ಡಿಎನ್‌ಎಯನ್ನು ಕೋಶಕೇಂದ್ರಕ್ಕೆ ಮುಟ್ಟಿಸಿದರೆ ಮಾತ್ರ ಅದು ಗೆಲುವು.

ಇತರ ಸಿಗಡಿ ವೈರಸ್‌ಗಳ ವಿಷಯದಲ್ಲಿ ತಿಳಿದದ್ದು ಇನ್ನೂ ಕಡಿಮೆ. ಹಳದಿತಲೆ ವೈರಸ್ಸಿಗೆ ವೈಆರ್‌ಪಿ65 ಎಂಬ ಗ್ರಾಹಿಯನ್ನು ಥಾಯ್ ತಂಡ 2006ರಲ್ಲಿ ವರ್ಣಿಸಿತು. ಟೌರಾ ವೈರಸ್ಸಿಗೆ ಲ್ಯಾಮಿನಿನ್ ಗ್ರಾಹಿ ಎಂಬ ಸೂಚನೆ ಇದೆ. ಬಂಗಾಳಿಗಳ ಪ್ರೀತಿಯ ಗೋಲ್ದಾ, ಅಂದರೆ ಸಿಹಿನೀರಿನ ದೊಡ್ಡ ಸಿಗಡಿಯ ಬಿಳಿಬಾಲ ರೋಗದ ವೈರಸ್ಸಿನ ಅಧ್ಯಯನ ಬಹಳಷ್ಟು ನಡೆದಿರುವುದು ಪತಂಗದ ಕೋಶಗಳಲ್ಲಿ.

ಕೋಶ ಬೆಳೆಯದ ಕಷ್ಟ

ಪತಂಗದ ಕೋಶ ಯಾಕೆ? ಕ್ರೇಫಿಶ್ ಯಾಕೆ? ಇಡೀ ವಿವಾದದ ಗಂಟು ಇಲ್ಲಿದೆ. ಮನುಷ್ಯನ, ಕೋತಿಯ, ಸೊಳ್ಳೆಯ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ವರ್ಷಗಟ್ಟಲೆ ಬೆಳೆಸಬಹುದು. ಸಿಗಡಿಯ ಕೋಶಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕಿ ವಿಭಜನೆ ನಿಲ್ಲಿಸುತ್ತವೆ. ದಶಕಗಳಿಂದ ಹಲವು ದೇಶಗಳಲ್ಲಿ ಯತ್ನ ನಡೆದಿದೆ. ನಮ್ಮಲ್ಲಿ ಕೊಚ್ಚಿಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಬ್ರೈಟ್ ಸಿಂಗ್ ಅವರ ತಂಡ ಇದರ ಹಿಂದೆ ಬಿದ್ದಿದೆ. ಎಲ್ಲ ಪ್ರಯೋಗಾಲಯಗಳೂ ಹಂಚಿಕೊಂಡು ಬಳಸುವಂಥ ಸ್ಥಿರ ಕೋಶಸಾಲು ಇನ್ನೂ ಕೈಗೆ ಬಂದಿಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಸೋಡರ್‌ಹಾಲ್ ದಂಪತಿ ಕ್ರೇಫಿಶ್ಶಿನ ರಕ್ತೋತ್ಪಾದಕ ಅಂಗಾಂಶವನ್ನು ಬೆಳೆಸುವ ವಿಧಾನ ರೂಪಿಸಿದ್ದರಿಂದ ಎಷ್ಟೋ ತಂಡಗಳು ಅದನ್ನೇ ಆಶ್ರಯಿಸಿವೆ.

ಒಂದು ಪ್ರೋಟೀನ್ ನಿಜಕ್ಕೂ ಗ್ರಾಹಿಯೇ ಎಂದು ಸಾಬೀತುಮಾಡಲು ಸೋಂಕದ ಕೋಶಕ್ಕೆ ಅದನ್ನು ಸೇರಿಸಿ ಸೋಂಕುವಂತೆ ಮಾಡಬೇಕು, ಸೋಂಕುವ ಕೋಶದಿಂದ ಅದನ್ನು ತೆಗೆದು ಸೋಂಕು ನಿಲ್ಲುವುದನ್ನು ತೋರಿಸಬೇಕು. ತಟ್ಟೆಯಲ್ಲಿ ಸಿಗಡಿ ಕೋಶವೇ ನಿಲ್ಲದಿರುವಾಗ ಈ ಎರಡನೆಯದನ್ನು ಇಡೀ ಸಿಗಡಿಯ ಮೇಲೆ, ಸೂಜಿ ಚುಚ್ಚಿ, ಅರ್ಧಂಬರ್ಧ ಮಾಡಬೇಕಾಗುತ್ತದೆ. ಅದಕ್ಕೇ ಗ್ರಾಹಿಗಳ ಪಟ್ಟಿ ಉದ್ದವಾಗುತ್ತ ಹೋಗುತ್ತಿದೆ, ಪಟ್ಟಿಯಿಂದ ಒಂದು ಹೆಸರೂ ಅಳಿಸಿಹೋಗುತ್ತಿಲ್ಲ.

ಮೂತ್ರದ ದಾರಿ

ಮೂರನೆಯ ಪಂಥ ಸೂಜಿಯನ್ನೇ ಪ್ರಶ್ನಿಸಿತು. ಹೊಂಡದಲ್ಲಿ ಸಿಗಡಿಗೆ ಯಾರೂ ಸೂಜಿ ಚುಚ್ಚುವುದಿಲ್ಲ. ಗಟ್ಟಿ ಚಿಪ್ಪು ಹೊದ್ದ, ಕರುಳಿನೊಳಗೂ ಪೊರೆಯ ಅಸ್ತರಿಯಿರುವ ಈ ಪ್ರಾಣಿಯ ಮೈಯನ್ನು ವೈರಸ್ ಮೊದಲು ದಾಟುವುದೆಲ್ಲಿ? ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ನೌವಿಂಕ್ ಅವರ ತಂಡ ಇದನ್ನು ಪಟ್ಟುಹಿಡಿದು ಬೆನ್ನಟ್ಟಿದೆ. 2009ರಲ್ಲಿ ಕೋರ್ಟೀಲ್ ಮತ್ತು ಸಂಗಡಿಗರು, ವೈರಸ್ ಬೆರೆತ ನೀರಿನಲ್ಲಿ ಬಿಟ್ಟಾಗ ಆಗಷ್ಟೇ ಚಿಪ್ಪು ಕಳಚಿದ ಸಿಗಡಿಗೂ ಚಿಪ್ಪಿಗೆ ಗಾಯವಾದದ್ದಕ್ಕೂ ಸೋಂಕು ಹೆಚ್ಚು ಎಂದು ತೋರಿಸಿದರು. ನೀರಿನ ಉಪ್ಪಿನಂಶ ದಿಢೀರನೆ ಇಳಿದಾಗಲೂ ಹಾಗೆಯೇ ಎಂಬುದು ಆಮೇಲಿನ ಪ್ರಯೋಗಗಳಲ್ಲಿ ಕಂಡಿತು.

2020ರಲ್ಲಿ ಡಿ ಗ್ರೈಸ್ ಮತ್ತು ಸಂಗಡಿಗರು ಚಿಪ್ಪು ಕಳಚುವುದನ್ನೂ ಉಪ್ಪು ಇಳಿಯುವುದನ್ನೂ ಒಂದು ಎಳೆಯಲ್ಲಿ ಪೋಣಿಸಿದರು. ಸಿಗಡಿಯ ಮೀಸೆಯ ಬುಡದಲ್ಲಿ ಮೂತ್ರರಂಧ್ರಗಳಿವೆ, ಒಳಗೆ ಮೂತ್ರಾಂಗದ ಜಾಲ. ಅದು ಹಿಂದೆ ತಿಳಿದಿದ್ದಕ್ಕಿಂತ ಬಹಳ ದೊಡ್ಡದು, ತಲೆಭಾಗದಲ್ಲೆಲ್ಲ ಕವಲೊಡೆದಿದೆ, ಚಿಪ್ಪು ಕಳಚುವ ಕೆಲಸದಲ್ಲೂ ಅದಕ್ಕೆ ಪಾತ್ರವಿದೆ. ಅಲ್ಲಿ ಚಿಪ್ಪಿನ ಅಸ್ತರಿಯಿಲ್ಲ, ನೀರಿಗೂ ಕೋಶಕ್ಕೂ ನಡುವೆ ತೆಳು ಪದರ ಮಾತ್ರ. ರೋಗಾಣುಗಳಿಗೆ ಇದೇ ಮುಖ್ಯ ಹೆಬ್ಬಾಗಿಲು ಎಂದು ಅವರ ವಾದ. ಇದೇ ವಿಶ್ವವಿದ್ಯಾಲಯದ ಹಳೆಯ ಅಧ್ಯಯನಗಳಲ್ಲಿ ಬಾಯಿಯ ಮೂಲಕ ಸೋಂಕಿಸಿದ ಸಿಗಡಿಗಳಲ್ಲೂ ಮುಂಗರುಳು, ಕಿವಿರುಗಳ ಜೊತೆ ಈ ಗ್ರಂಥಿಯಲ್ಲೂ ಬೇಗನೆ ವೈರಸ್ ಕಂಡಿತ್ತು. ಆಗ ಅದರತ್ತ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ನನಗೆ ಈ ವಾದ ಹಿಡಿಸುವುದು ಅದು ಹೊಂಡದ ಅನುಭವಕ್ಕೆ ಹತ್ತಿರವಿರುವುದರಿಂದ. ಜೋರು ಮಳೆಯಾಗಿ ಉಪ್ಪು ಇಳಿದ ಮರುದಿನ ಸಿಗಡಿ ಸಾಕುವವರು ಭಯದಿಂದ ಮೇವಿನ ತಟ್ಟೆ ನೋಡುತ್ತಾರೆ. ಗ್ರಾಹಿಯ ಸಿದ್ಧಾಂತ ಈ ಭಯವನ್ನು ವಿವರಿಸಲಾರದು, ಮೂತ್ರರಂಧ್ರದ ಸಿದ್ಧಾಂತ ವಿವರಿಸಬಲ್ಲದು. ಆದರೆ ಸತ್ತ ಸಿಗಡಿಯನ್ನು ಬದುಕಿದ ಸಿಗಡಿ ತಿಂದು ರೋಗ ಹರಡುವುದೂ ಕಣ್ಣಿಗೆ ಕಾಣುವ ಸತ್ಯ. ಬಾಯಿಯ ದಾರಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಬಾಗಿಲು ಮುಚ್ಚದೆಯೂ ಬದುಕಬಹುದೇ?

ಬ್ಯಾಂಕಾಕಿನ ಮಹಿಡೋಲ್ ವಿಶ್ವವಿದ್ಯಾಲಯದ ತಿಮೋತಿ ಫ್ಲೆಗೆಲ್ 1998ರಿಂದ ಬೇರೆಯೇ ಮಾತು ಹೇಳುತ್ತ ಬಂದಿದ್ದಾರೆ. ಸಿಗಡಿಗಳು ವೈರಸ್ಸನ್ನು ಹೊರಗೇ ತಡೆಯುವುದಕ್ಕಿಂತ ಒಳಗೆ ಇಟ್ಟುಕೊಂಡು ಹೊಂದಿಕೊಳ್ಳುತ್ತವೆ, ವೈರಸ್ ಜೀನೋಮಿನ ತುಣುಕುಗಳನ್ನು ತಮ್ಮ ಡಿಎನ್‌ಎಗೆ ಸೇರಿಸಿಕೊಂಡು ನೆನಪಿಟ್ಟುಕೊಳ್ಳುತ್ತವೆ ಎಂಬುದು ಅದರ ತಿರುಳು. ಇದು ಪ್ರವೇಶದ ಸಿದ್ಧಾಂತವಲ್ಲ, ಪ್ರವೇಶವೇ ಎಲ್ಲವೂ ಅಲ್ಲ ಎಂಬ ಸಿದ್ಧಾಂತ.

ಸಾಲ್ಟ್ ಲೇಕಿನ ಪಾಲು ಬರುವುದು ಇಲ್ಲಿ. ಜಗದೀಶಚಂದ್ರ ಬೋಸ್ 1917ರಲ್ಲಿ ಸ್ಥಾಪಿಸಿದ ಬೋಸ್ ಸಂಸ್ಥೆಯ ಈಗಿನ ಒಂದು ಆವರಣ ಇರುವುದು ಇಲ್ಲಿನ ಸೆಕ್ಟರ್ 5ರಲ್ಲಿ. ಆ ಸಂಸ್ಥೆಯ ನೃಪೇಂದ್ರನಾಥ ಮಂಡಲ್ ಅವರ ತಂಡ 2009ರಲ್ಲಿ, ರೋಗ ತಡೆದು ಬದುಕುಳಿಯುವ ಬಾಗ್ದಾ ಸಿಗಡಿಗಳನ್ನು ಗುರುತಿಸುವ ಡಿಎನ್‌ಎ ಗುರುತೊಂದನ್ನು ಪ್ರಕಟಿಸಿತು. ವೈರಸ್ ಎಲ್ಲಿಂದ ಬಂತೆಂದು ಕೇಳುವ ಬದಲು ಬಂದರೂ ಸಾಯದವರು ಯಾರು ಎಂದು ಕೇಳಿದ ಕೆಲಸ ಅದು. ಆ ಸಿಗಡಿಗಳು ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತವೆಯೇ, ಒಳಗೆ ಕಟ್ಟಿಹಾಕುತ್ತವೆಯೇ ಎಂಬುದು ಬೇರೆ ಪ್ರಶ್ನೆ. 

ಉದ್ಯಮ ಮಾತ್ರ ಉತ್ತರಕ್ಕೆ ಕಾಯಲಿಲ್ಲ. 2009ರಲ್ಲಿ ಭಾರತ ರೋಗಮುಕ್ತ ತಾಯಿಸಿಗಡಿಯಿಂದ ಬೆಳೆಸಿದ ವನ್ನಾಮಿ ಎಂಬ ವಿದೇಶಿ ಸಿಗಡಿಗೆ ಬಾಗಿಲು ತೆರೆಯಿತು. ರೋಗಮುಕ್ತ ಎಂದರೆ ರೋಗನಿರೋಧಕ ಎಂದಲ್ಲ. ಹ್ಯಾಚರಿಯಿಂದ ಶುದ್ಧವಾಗಿ ಬಂದ ಮರಿಯೂ ಏಡಿ ಓಡಾಡುವ ಹೊಂಡದಲ್ಲಿ ಸೋಂಕುತ್ತದೆ.

ಇತ್ಯರ್ಥವಾಗದ್ದು

ಮುಖ್ಯ ಗ್ರಾಹಿ ಎಂಬುದೊಂದು ಇದೆಯೇ, ಅಥವಾ ಅಂಗಾಂಶಕ್ಕೊಂದು, ಜಾತಿಗೊಂದು ಇದೆಯೇ? ಗೊತ್ತಿಲ್ಲ. ನಡುಗರುಳಿನ ಕೋಶಗಳನ್ನು ಸೋಂಕದೆ ವೈರಸ್ ಅವುಗಳಾಚೆ ದಾಟುವುದಾದರೆ ಯಾವ ಬಿರುಕಿನಿಂದ? ಚೀಲದಿಂದ ಪಾರಾಗುವಾಗ ಹೊದಿಕೆಯ ಯಾವ ಪ್ರೋಟೀನ್ ಎರಡು ಪೊರೆಗಳನ್ನು ಬೆಸೆಯುತ್ತದೆ? ಅದನ್ನು ಖಚಿತವಾಗಿ ಯಾರೂ ತೋರಿಸಿಲ್ಲ. ಆ ಬಾಲದ ಎಳೆಯ ಕೆಲಸವೇನೆಂಬುದಕ್ಕೂ ಉತ್ತರವಿಲ್ಲ. ಕುಟುಂಬಕ್ಕೆ ಹೆಸರು ಕೊಟ್ಟ ಅಂಗವೇ ನಿರುದ್ಯೋಗಿ. ನೀರಿನ ಉಷ್ಣತೆ 32–33 ಡಿಗ್ರಿಗೆ ಏರಿದರೆ ರೋಗ ತಗ್ಗುವುದೇಕೆ, ಅದು ಪ್ರವೇಶದ ಹಂತದಲ್ಲೋ ಆಮೇಲೋ ಎಂಬುದರಲ್ಲೂ ಒಮ್ಮತವಿಲ್ಲ.

ಮೂತ್ರರಂಧ್ರದ ಪ್ರಯೋಗ ನಡೆದದ್ದು ಬೆಲ್ಜಿಯಂನ ತೊಟ್ಟಿಗಳಲ್ಲಿ, ವನ್ನಾಮಿಯ ಮೇಲೆ. ಬಾಗ್ದಾ ಸಿಗಡಿ, ಕೆಸರು ನೀರು, ದಿನಕ್ಕೆರಡು ಉಬ್ಬರ, ಮೊದಲ ಮಳೆ ಇವಿಷ್ಟೂ ಕೂಡಿದ ಭೇಡಿಯಲ್ಲಿ ಅದನ್ನು ಮಾಡಿ ನೋಡಬೇಕು. ಸಾಲ್ಟ್ ಲೇಕಿನ ಸೆಕ್ಟರ್ 5ರಿಂದ ಮಿನಾಖಾದ ಭೇಡಿಗಳಿಗೆ ಒಂದೆರಡು ಗಂಟೆಯ ದಾರಿ. ಮಂಗಳೂರಿನಿಂದ ಕುಮಟೆಯ ಗಜನಿಗೂ ಬಹಳ ದೂರವೇನಿಲ್ಲ. ಅಲ್ಲಿಯತನಕ ಸಿಗಡಿ ಸಾಕುವವರಲ್ಲಿ ಒಂದು ವಿನಂತಿ: ರೋಗ ಬಿದ್ದ ಹೊಂಡದ ನೀರನ್ನು ಕ್ಲೋರಿನ್ ಹಾಕದೆ ತೂಬು ತೆರೆದು ಹೊಳೆಗೆ ಬಿಡಬೇಡಿ, ಮುಂದಿನ ಉಬ್ಬರಕ್ಕೆ ಅದು ಪಕ್ಕದವರ ತೂಬಿನಲ್ಲಿರುತ್ತದೆ.